ಬಾನೆಟ್ ಒಳಗಿನ ಫೋಮ್ ಪುಡಿಪುಡಿ ಆಗ್ತಿದೆ, ಏನು ಹಾಕಿಸಲಿ?

ಪ್ರಶ್ನೆ:
ಹಳೇ ಡೀಸೆಲ್ ಕಾರು. ಬಾನೆಟ್ ಕೆಳಗಿನ ಸೌಂಡ್ ಪ್ಯಾಡ್ ಒಣಗಿ ಇಂಜಿನ್ ಮೇಲೆ ಉದುರುತ್ತಿದೆ. ಕಿತ್ತು ಸುಮ್ನೆ ಬಿಟ್ಟರೆ ಆಗಲ್ವಾ? ಹೊಸದು ಹಾಕುವುದಾದರೆ ಮನೆಗೆ ಬಳಸುವ ಸಾಮಾನ್ಯ ಫೋಮ್ ನಡೆಯುತ್ತಾ?

ಉತ್ತರ 1:
ಸಾಮಾನ್ಯ ಫೋಮ್ ಖಂಡಿತ ಬೇಡ. ಅದು ಎಣ್ಣೆ, ನೀರು ಎರಡನ್ನೂ ಹೀರುತ್ತದೆ, ಬೆಂಕಿ ತಗುಲಿದರೆ ಧಗ್ ಅಂತ ಉರಿಯುತ್ತದೆ. ವಾಹನಕ್ಕೆಂದೇ ಮಾಡಿದ, ಬೇಗ ಬೆಂಕಿ ಹಿಡಿಯದ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಪ್ಯಾಡ್ ತಗೊಳ್ಳಿ. ಉದುರುವ ಹಳೇದನ್ನಂತೂ ಈಗಲೇ ತೆಗೆಯಿರಿ. ತುಂಡುಗಳು ಬೆಲ್ಟಿಗೆ ಸಿಕ್ಕಬಹುದು, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆಯಾಡಬಹುದು.

ಉತ್ತರ 2:
ಅಂಟಿಸುವುದು ಸುಲಭ, ಹಳೇ ಗೋಂದು ತೆಗೆಯುವುದೇ ತಲೆನೋವು. ಇಂಜಿನ್ ಮೇಲೆ ಬಟ್ಟೆ ಹೊದಿಸಿ, ಮಾಸ್ಕ್ ಹಾಕಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಇಂಜಿನ್ ತಣ್ಣಗಿರಲಿ. ಬಾನೆಟ್ ಅಂಚಿನಲ್ಲಿರುವ ನೀರು ಹರಿಯುವ ತೂತು ಮುಚ್ಚಬೇಡಿ, ಆಮೇಲೆ ತುಕ್ಕು ಗ್ಯಾರಂಟಿ. ಅಗ್ಗದ ಡಾಂಬರು ಶೀಟ್ ಬಿಸಿಗೆ ಜಾರುತ್ತದೆ, ವಾಸನೆ ಬೇರೆ.

ಪ್ರಶ್ನೆ ಕೇಳಿದವರು:
ಸರಿ, ಒಳಗೆ ಕೇಳುವ ಸದ್ದು ಎಷ್ಟು ಕಡಿಮೆ ಆಗಬಹುದು?

ಉತ್ತರ 3:
ಜಾಸ್ತಿ ನಿರೀಕ್ಷೆ ಬೇಡ. ಬಾನೆಟ್ ಪ್ಯಾಡ್ ಹೆಚ್ಚಾಗಿ ಹೊರಗಿನ ಕಟಕಟ ತಗ್ಗಿಸುತ್ತದೆ. ಒಳಗಿನ ಸದ್ದು ಬರುವುದು ಹೆಚ್ಚಾಗಿ ಡ್ಯಾಶ್‌ಬೋರ್ಡ್ ಹಿಂದಿನ ಫೈರ್‌ವಾಲ್ (ಇಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಲೋಹದ ಗೋಡೆ) ಮೂಲಕ. ಅಲ್ಲಿ ವೈರ್, ಕೇಬಲ್ ಹಾದುಹೋಗುವ ತೂತಿಗೆ ಹಾಕಿರುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಒಡೆದಿದೆಯಾ ನೋಡಿ. ನಿಂತಾಗ ಸ್ಟೀರಿಂಗ್ ನಡುಗಿದರೆ ಇಂಜಿನ್ ಮೌಂಟ್ (ಇಂಜಿನ್ ಅನ್ನು ಹಿಡಿದಿಟ್ಟು ನಡುಕ ತಗ್ಗಿಸುವ ಆಧಾರ) ಮೇಲೂ ಅನುಮಾನ ಇರಲಿ, ಅದಕ್ಕೆ ಯಾವ ಪ್ಯಾಡೂ ಮದ್ದಲ್ಲ.