ಬಿಎನ್‌ವೈಎಸ್ ಓದಿದವರಿಗೆ ಅಮೆರಿಕದ ಅಕ್ಯುಪಂಕ್ಚರ್ ಕಾಲೇಜಿನಲ್ಲಿ ಎಷ್ಟು ಕ್ರೆಡಿಟ್ ಸಿಗುತ್ತದೆ?

ಸೂಜಿಮಲ್ಲಿಗೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಡಿಗ್ರಿ ಮಾಡಿದ್ದೇನೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಎರಡೂ ಮುಗಿದಿದೆ. ಈಗ ಕುವೆಂಪುನಗರದ ಒಂದು ಕ್ಲಿನಿಕ್‌ನಲ್ಲಿದ್ದೇನೆ. ಮದುವೆ ಗೊತ್ತಾಗಿದೆ, ಹುಡುಗ ಕ್ಯಾಲಿಫೋರ್ನಿಯಾದಲ್ಲಿ ಹೆಚ್-1ಬಿ ಕೆಲಸದ ವೀಸಾ ಮೇಲಿದ್ದಾರೆ. ಅಲ್ಲಿಗೆ ಹೋಗಿ ಸುಮ್ನೆ ಮನೆಯಲ್ಲಿ ಕೂರುವ ಬದಲು ಅಕ್ಯುಪಂಕ್ಚರ್‌ನಲ್ಲಿ ಮಾಸ್ಟರ್ಸ್ ಮಾಡೋಣ ಅಂತ ಆಸೆ. ನಮ್ಮ ಸಿಲಬಸ್‌ನಲ್ಲೂ ಅಕ್ಯುಪಂಕ್ಚರ್ ಇತ್ತು. ಪೋಸ್ಟಿಂಗ್‌ನಲ್ಲಿ ಮಂಡಿನೋವು, ಸೊಂಟನೋವು ಅಂತ ಬರುತ್ತಿದ್ದ ಅಜ್ಜಿಯರಿಗೆ ದಿನಾ ಸೂಜಿ ಹಾಕಿ ಕೈ ಪಳಗಿದೆ.

ಇಲ್ಲೊಂದು ಕನ್ಸಲ್ಟೆನ್ಸಿಯವರು "ಮೇಡಂ, ನಿಮ್ಮ ಡಿಗ್ರಿಗೆ ಅರ್ಧ ಕ್ರೆಡಿಟ್ ಗ್ಯಾರಂಟಿ ಟ್ರಾನ್ಸ್‌ಫರ್ ಆಗುತ್ತೆ, ಒಂದೂವರೆ ವರ್ಷದಲ್ಲಿ ಮುಗಿಸಿಬಿಡಬಹುದು" ಅಂತ ಹೇಳಿ ಅಡ್ವಾನ್ಸ್ ಕೇಳುತ್ತಿದ್ದಾರೆ. ಅಪ್ಪ ಕೊಟ್ಟುಬಿಡೋಣ ಅಂತಾರೆ. ನನಗೆ ಯಾಕೋ ಅನುಮಾನ. ಕ್ರೆಡಿಟ್ ಅಂದರೆ ಎಷ್ಟು ಪಾಠ ಓದಿದ್ದೇವೆ ಅನ್ನೋದರ ಅಳತೆ ಅಂತೆ, ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಆ ಕಾಲಮ್ಮೇ ಇಲ್ಲ. ಥಿಯರಿಗೆ ಇಷ್ಟು, ಪ್ರಾಕ್ಟಿಕಲ್‌ಗೆ ಇಷ್ಟು, ವೈವಾಗೆ ಇಷ್ಟು, ಅಷ್ಟೇ. ಇಲ್ಲದ ಕ್ರೆಡಿಟ್ಟನ್ನು ಇವರು ಎಲ್ಲಿಂದ ತಂದು ಎಲ್ಲಿಗೆ ಹಾಕುತ್ತಾರೆ? ಗೊತ್ತಿರುವವರು ದಯವಿಟ್ಟು ಹೇಳಿ. ಜನವರಿಯಲ್ಲಿ ಹೊರಡುತ್ತೇನೆ, ಅಷ್ಟರೊಳಗೆ ಇಲ್ಲಿ ಯಾವ ಕಾಗದ ಮಾಡಿಸಿಕೊಳ್ಳಬೇಕು ಅನ್ನೋದೂ ಬೇಕು.

ಲಾಕರ್ ಬಾಸ್

ಇದಕ್ಕೆಲ್ಲ ಈಗ ಎಬಿಸಿ ಇದೆಯಲ್ಲ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಡಿಜಿಲಾಕರ್‌ನಲ್ಲಿ ಐಡಿ ಮಾಡಿಕೊಳ್ಳಿ, ಕ್ರೆಡಿಟ್ ಎಲ್ಲ ಅಲ್ಲೇ ಜಮಾ ಆಗಿರುತ್ತೆ, ಯಾವ ಕಾಲೇಜಿಗೆ ಬೇಕಾದರೂ ತಗೊಂಡು ಹೋಗಬಹುದು. ಏಜೆಂಟ್ ಯಾಕೆ ಬೇಕು?

ಹಳೇ ಕಡತ (ಮೈಸೂರು)

ಬಾಸ್, ಅಷ್ಟು ಸುಲಭ ಇದ್ದಿದ್ದರೆ ಈ ಹುಡುಗಿ ಇಲ್ಲಿ ಬಂದು ಕೇಳುತ್ತಲೇ ಇರಲಿಲ್ಲ. ಎಬಿಸಿ ಯುಜಿಸಿ 2021ರಲ್ಲಿ ತಂದ ವ್ಯವಸ್ಥೆ. ಅದರಲ್ಲಿ ನೋಂದಾಯಿಸಿಕೊಂಡ ನಮ್ಮ ದೇಶದ ಸಂಸ್ಥೆಗಳ ನಡುವೆ ಮಾತ್ರ ಓಡುತ್ತದೆ. ಅಲ್ಲೂ ಬೇಕಾದಷ್ಟು ಕ್ರೆಡಿಟ್ ಹೊತ್ತುಕೊಂಡು ಹೋಗಿ ಡಿಗ್ರಿ ಕೊಡಿ ಅನ್ನೋ ಹಾಗಿಲ್ಲ. ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಜಮಾ ಆದ ಕ್ರೆಡಿಟ್ಟಿಗೂ ಆಯುಸ್ಸು ಏಳೇ ವರ್ಷ. ಅಮೆರಿಕದ ಖಾಸಗಿ ಕಾಲೇಜು ನಿಮ್ಮ ಡಿಜಿಲಾಕರನ್ನು ತೆಗೆದೂ ನೋಡಲ್ಲ.

ಸೂಜಿಮಲ್ಲಿಗೆ ಅವರೇ, ನಾನು ಕಾಲೇಜು ಆಫೀಸಿನಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವನು. ಅಲ್ಲಿನ ಕಾಲೇಜಿನ ವಿಷಯ ಬೇರೆಯವರು ಹೇಳಲಿ, ಇಲ್ಲಿನ ಕಾಗದದ ವಿಷಯ ನಾನು ಹೇಳುತ್ತೇನೆ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷದ ವಿಷಯ, ಅಂಕಗಳ ಅಧಿಕೃತ ಪಟ್ಟಿ, ಅದನ್ನು ಕೊಡುವುದು ನಿಮ್ಮ ಕಾಲೇಜಲ್ಲ, ವಿಶ್ವವಿದ್ಯಾಲಯ. ನಿಮ್ಮದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೇ ಇರಬೇಕು ಅಲ್ವಾ, ಅದು ಬೆಂಗಳೂರಿನ ಜಯನಗರ 4ನೇ ಟಿ ಬ್ಲಾಕ್‌ನಲ್ಲಿದೆ. ಆನ್‌ಲೈನ್‌ನಲ್ಲಿ ಏನೇ ಇದ್ದರೂ ಎಲ್ಲೋ ಒಂದು ಕಡೆ ಫೈಲ್ ನಿಂತಿರುತ್ತದೆ, ಆಗ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಲೇಬೇಕು. ಡಿಸೆಂಬರ್ ತನಕ ಕಾಯಬೇಡಿ. ಟ್ರಾನ್ಸ್‌ಕ್ರಿಪ್ಟನ್ನು ಸೀಲ್ ಮಾಡಿದ ಕವರಿನಲ್ಲಿ ನಿಮ್ಮ ಕೈಗೇ ಕೊಟ್ಟರೆ, ಅಂಟಿಸಿದ ಮಡಿಕೆಯ ಮೇಲೆ ಮೊಹರು, ಸಹಿ ಎರಡೂ ಬಿದ್ದಿವೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಒಳಗೇನಿದೆ ಅಂತ ಕುತೂಹಲಕ್ಕೆ ಒಡೆದಿರೋ, ಅದು ಬರೀ ಕಾಗದ. ಹಾಗೆ ಒಡೆದುಕೊಂಡು ವಾಪಸ್ ಬಂದು ಅತ್ತವರನ್ನು ನೋಡಿದ್ದೇನೆ.

ಇನ್ನೊಂದು ಕಾಗದ ಇದೆ, ಅದನ್ನು ಯಾರೂ ಕೇಳಿ ಪಡೆಯಲ್ಲ. ನೀವು ಸೇರಿದ ವರ್ಷಕ್ಕೆ ಜಾರಿಯಲ್ಲಿದ್ದ ಸಿಲಬಸ್. ಈಗಿನದಲ್ಲ, ನಿಮ್ಮ ಬ್ಯಾಚಿನದು. ಯಾವ ವಿಷಯ, ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಪ್ರಾಕ್ಟಿಕಲ್ ಅಂತ ಅದರಲ್ಲಿರುತ್ತದೆ. ಪ್ರತಿ ಪುಟಕ್ಕೂ ಪ್ರಿನ್ಸಿಪಾಲರ ಸಹಿ, ಸೀಲ್ ಹಾಕಿಸಿ.

ಫ್ರೀಮಾಂಟ್ ಅಕ್ಕ

ತಂಗಿ, ಮೊದಲು ಅಪ್ಪನಿಗೆ ಹೇಳು, ಒಂದು ರೂಪಾಯಿಯನ್ನೂ ಆ ಕನ್ಸಲ್ಟೆನ್ಸಿಗೆ ಕೊಡಬೇಡಿ ಅಂತ. ನಾನು ಸರಸ್ವತಿಪುರಂ ಹುಡುಗಿ, ಇಲ್ಲಿಗೆ ಬಂದು ಅಕ್ಯುಪಂಕ್ಚರ್ ಓದಿ ಲೈಸೆನ್ಸ್ ತಗೊಂಡಿದ್ದೇನೆ. ಕ್ರೆಡಿಟ್ ಕೊಡಬೇಕಾ ಬೇಡವಾ ಅಂತ ತೀರ್ಮಾನ ಮಾಡೋದು ನೀನು ಸೇರುವ ಕಾಲೇಜು, ಅದೂ ನಿನ್ನ ಕಾಗದ ಕೈಗೆ ಬಂದ ಮೇಲೆ. ಮೈಸೂರಿನಲ್ಲಿ ಕೂತು ಗ್ಯಾರಂಟಿ ಕೊಡೋಕೆ ಅವರ್ಯಾರು?

ಲೆಕ್ಕ ನೀನೇ ಹಾಕಿ ನೋಡು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಪರೀಕ್ಷೆಗೆ ಕೂರಬೇಕಾದರೆ 3,000 ಗಂಟೆಯ ಓದು ಬೇಕು. 2005ರಿಂದ ಇದೇ ನಿಯಮ. ಅದರಲ್ಲಿ 2,050 ಗಂಟೆ ಪಾಠ, 950 ಗಂಟೆ ಕ್ಲಿನಿಕ್. ಪಾಠದಲ್ಲಿ ಅನಾಟಮಿ, ಫಿಸಿಯಾಲಜಿ, ಕೆಮಿಸ್ಟ್ರಿ ಥರದ ಮೂಲ ವಿಜ್ಞಾನಕ್ಕೆ 350 ಗಂಟೆ. ರೋಗಿಯ ತಪಾಸಣೆ, ಡಯಾಗ್ನೋಸಿಸ್, ಕ್ಲಿನಿಕಲ್ ಮೆಡಿಸಿನ್‌ಗೆ 240. ಸಾರ್ವಜನಿಕ ಆರೋಗ್ಯಕ್ಕೆ 40. ನಿನ್ನ ಬಿಎನ್‌ವೈಎಸ್‌ಗೆ ಹೊಂದೋದು ಹೆಚ್ಚುಕಮ್ಮಿ ಈ ಮೂರೇ. ಮೂರನ್ನೂ ಪೂರ್ತಿ ಒಪ್ಪಿಕೊಂಡರು ಅಂತಲೇ ಇಟ್ಟುಕೋ, 630 ಗಂಟೆ ಆಯಿತು. 3,000ಕ್ಕೆ 630. ಐದರಲ್ಲಿ ಒಂದು ಪಾಲು ಚೂರು ಜಾಸ್ತಿ. ಅರ್ಧ ಎಲ್ಲಿಂದ ಬಂತು?

ಉಳಿದದ್ದರಲ್ಲಿ ದೊಡ್ಡ ಗಂಟು ಚೀನೀ ವೈದ್ಯ ಪದ್ಧತಿಯದು, 1,255 ಗಂಟೆ. ಅದರೊಳಗೇ ಗಿಡಮೂಲಿಕೆಗೆ 450 ಗಂಟೆ. ಇಲ್ಲಿನ ಲೈಸೆನ್ಸ್‌ನಲ್ಲಿ ಸೂಜಿಯ ಜೊತೆಗೆ ಮೂಲಿಕೆ ಕೊಡುವ ಅಧಿಕಾರವೂ ಬರುತ್ತೆ, ಅದಕ್ಕೇ ಇಷ್ಟು. ನಾವು ಬಿಎನ್‌ವೈಎಸ್‌ನವರು ಔಷಧಿಯೇ ಇಲ್ಲದ ಚಿಕಿತ್ಸೆ ಅಂತ ಹೆಮ್ಮೆಯಿಂದ ಹೇಳಿಕೊಂಡು ಬಂದವರು. ಉಪವಾಸ, ಜಲಚಿಕಿತ್ಸೆ, ಮಣ್ಣಿನ ಪಟ್ಟಿ ಎಲ್ಲ ಗೊತ್ತು, ಚೀನೀ ಮೂಲಿಕೆಯ ಒಂದು ಹೆಸರೂ ಗೊತ್ತಿರಲಿಲ್ಲ ನನಗೆ. ಅದಕ್ಕೆ ಕ್ರೆಡಿಟ್ ಕೇಳೋಕೆ ಬಾಯೇ ಬರಲ್ಲ.

ಇನ್ನು ಸೂಜಿ. ಇಲ್ಲೇ ನಿನಗೆ ಬೇಜಾರಾಗೋದು. ಮಂಡಿ ಚಿಪ್ಪಿನ ಕೆಳಗೆ ನಾಲ್ಕು ಬೆರಳು, ಮುಂಗಾಲ ಮೂಳೆಯ ಅಂಚಿಂದ ಒಂದು ಬೆರಳು ಆಚೆ, ಎಸ್‌ಟಿ-36 ಅನ್ನೋ ಸೂಜಿ ಬಿಂದು. ಕಣ್ಣು ಮುಚ್ಚಿ ಹಾಕುತ್ತೀಯ, ನನಗೂ ಗೊತ್ತು. ಆದರೆ ಇಲ್ಲಿ ಕೇಳೋದು ಬಿಂದು ಎಲ್ಲಿದೆ ಅಂತ ಮಾತ್ರ ಅಲ್ಲ. ಈ ರೋಗಿಯ ನಾಲಿಗೆ ಹೀಗಿದೆ, ನಾಡಿ ಹೀಗಿದೆ, ಈ ಬಿಂದು ಯಾಕೆ ಆರಿಸಿದೆ, ಪಕ್ಕದ್ದು ಯಾಕೆ ಬೇಡ, ಎಷ್ಟು ಆಳ, ಎಷ್ಟು ಹೊತ್ತು. ನಮ್ಮಲ್ಲಿ ಮಂಡಿನೋವಿಗೆ ಇಂತಿಂಥ ಬಿಂದು ಅಂತ ಪಟ್ಟಿ ಕೊಟ್ಟು ಕಲಿಸಿದ್ದರು, ಅಜ್ಜಿಯರಿಗೆ ನೋವೂ ಕಡಿಮೆ ಆಗುತ್ತಿತ್ತು, ಅದು ಬೇರೆ ಮಾತು. ಕೆಲವು ಕಾಲೇಜಿನಲ್ಲಿ ಬಿಂದುಗಳ ಪೇಪರಿಗೆ ಚಾಲೆಂಜ್ ಪರೀಕ್ಷೆ ಇರುತ್ತೆ, ಪಾಸಾದರೆ ಆ ಪೇಪರ್ ಬಿಡುತ್ತಾರೆ. ಕೇಳಿ ನೋಡು. ಕ್ಲಿನಿಕ್ ಗಂಟೆಗಳನ್ನಂತೂ ಸುಲಭಕ್ಕೆ ಬಿಡಲ್ಲ. ಅವರ ಕಣ್ಣೆದುರು ನೀನು ಸೂಜಿ ಹಾಕಬೇಕು.

ಕ್ರೆಡಿಟ್ ಕಾಲಮ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡ. ಗಂಟೆಯಿಂದಲೇ ಕ್ರೆಡಿಟ್ ಮಾಡುತ್ತಾರೆ. ಸಾಮಾನ್ಯವಾಗಿ 15 ಗಂಟೆ ಪಾಠಕ್ಕೆ ಒಂದು ಸೆಮಿಸ್ಟರ್ ಕ್ರೆಡಿಟ್. ಇಲ್ಲಿ ಕೆಲವು ಕಾಲೇಜು ವರ್ಷವನ್ನು ಕ್ವಾರ್ಟರ್ ಅಂತ ಭಾಗ ಮಾಡುತ್ತವೆ, ಅಲ್ಲಿ ಒಂದು ಸೆಮಿಸ್ಟರ್ ಕ್ರೆಡಿಟ್ ಅಂದರೆ ಒಂದೂವರೆ ಕ್ವಾರ್ಟರ್ ಕ್ರೆಡಿಟ್. 90 ಗಂಟೆಯ ಪಾಠ ಒಂದು ಕಡೆ 6, ಇನ್ನೊಂದು ಕಡೆ 9. ಯಾರಾದರೂ "ನಮ್ಮಲ್ಲಿ ಜಾಸ್ತಿ ಕ್ರೆಡಿಟ್ ಕೊಡುತ್ತೇವೆ" ಅಂದರೆ ಯಾವ ಲೆಕ್ಕದಲ್ಲಿ ಅಂತ ಮೊದಲು ಕೇಳು.

ಮಂಡ್ಯ ಮಾವ

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳು ಪಿಯುಸಿ ಸೈನ್ಸ್ ಆದ ಮೇಲೆ ಯಾವುದೋ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಅಕ್ಯುಪಂಕ್ಚರ್ ಡಿಪ್ಲೊಮಾ ಮಾಡಿದ್ದಾಳೆ. ಹೆಚ್ಚಿನದೆಲ್ಲ ಪೋಸ್ಟಲ್ಲೇ ಬಂತು. ಅದನ್ನು ತೋರಿಸಿ ಮೈಸೂರಲ್ಲಿ ಬಿಎನ್‌ವೈಎಸ್ ಎರಡನೇ ವರ್ಷಕ್ಕೆ ನೇರ ಸೇರಬಹುದು ಅಂತ ಆ ಸಂಸ್ಥೆಯವರೇ ಹೇಳುತ್ತಾರೆ. ಹೌದಾ?

ಹಳೇ ಕಡತ (ಮೈಸೂರು)

ಇಲ್ಲ ಸರ್. ಬಿಎನ್‌ವೈಎಸ್‌ಗೆ ಕೆಇಎ ಸಿಇಟಿ ಬರೆದು ಮೊದಲನೇ ವರ್ಷಕ್ಕೇ ಸೇರಬೇಕು. ಡಿಪ್ಲೊಮಾ ಇಂಜಿನಿಯರಿಂಗ್ ಮಾಡಿದವರು ಎರಡನೇ ವರ್ಷದ ಬಿಇಗೆ ಹೋಗುತ್ತಾರಲ್ಲ, ಅದನ್ನು ನೋಡಿ ಜನ ಎಲ್ಲ ಕಡೆ ಹಾಗೇ ಅಂದುಕೊಳ್ಳುತ್ತಾರೆ. ಮಗಳಿಗೆ ಆಸಕ್ತಿ ಇದ್ದರೆ ಮುಂದಿನ ಸಿಇಟಿಗೆ ಕೂರಿಸಿ, ಕಲಿತದ್ದೇನೂ ದಂಡ ಆಗಲ್ಲ.

ಡಿಪ್ಲೊಮಾಗೆ ಬೆಲೆಯೇ ಇಲ್ವಾ ಅಂತ ಕೇಳುತ್ತೀರಿ. ಪಶ್ಚಿಮ ಬಂಗಾಳದಲ್ಲಿ 1996ರಿಂದ ಅಕ್ಯುಪಂಕ್ಚರ್‌ಗೆ ಪ್ರತ್ಯೇಕ ಕಾಯ್ದೆ ಇದೆ, ಮಹಾರಾಷ್ಟ್ರದಲ್ಲೂ 2015ರ ಕಾಯ್ದೆ ಇದೆ, ಕೌನ್ಸಿಲ್ ಇದೆ. ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ಇದನ್ನು ಸ್ವತಂತ್ರ ಪದ್ಧತಿ ಅಂತ ಒಪ್ಪಿ ಆದೇಶ ಹೊರಡಿಸಿತು. ಆ ಆದೇಶದ ಜೆರಾಕ್ಸ್ ಗೋಡೆಗೆ ಅಂಟಿಸಿಕೊಂಡು "ಕೇಂದ್ರ ಸರ್ಕಾರದ ಮಾನ್ಯತೆ" ಅಂತ ಬೋರ್ಡ್ ಹಾಕುವವರು ಬಹಳ ಇದ್ದಾರೆ. ಪದ್ಧತಿಯನ್ನು ಒಪ್ಪಿದರೆ ಅದನ್ನು ಕಲಿಸುವ ಪ್ರತಿ ಸಂಸ್ಥೆಯನ್ನೂ ಒಪ್ಪಿದ ಹಾಗಲ್ಲ. ಹೇಳಿದ್ದನ್ನು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಅಂತ ಅವರನ್ನೇ ಕೇಳಿ, ಬರೆದುಕೊಡಲ್ಲ.

ಮಂಡ್ಯ ಮಾವ

ಸರಿ ಸರ್. ದುಡ್ಡಂತೂ ಹೋಯ್ತು ಬಿಡಿ. ಸಿಇಟಿ ಪುಸ್ತಕ ತಂದುಕೊಡ್ತೀನಿ.

ಸೂಜಿಮಲ್ಲಿಗೆ (ಮೈಸೂರು)

ಅಕ್ಕಾ, ತುಂಬಾ ಥ್ಯಾಂಕ್ಸ್. 630 ಅಂದ ತಕ್ಷಣ ಅಪ್ಪ ಫೋನ್ ಕೆಳಗಿಟ್ಟು ಕ್ಯಾಲ್ಕುಲೇಟರ್ ತಗೊಂಡರು. ಕನ್ಸಲ್ಟೆನ್ಸಿಯವರಿಗೆ ಇದೇ ಲೆಕ್ಕ ಕೇಳಿದರೆ "ಅದು ಕಾಲೇಜಿಂದ ಕಾಲೇಜಿಗೆ ಬೇರೆ ಮೇಡಂ" ಅಂತ ರಾಗ ಎಳೆದರು. ಅಡ್ವಾನ್ಸ್ ಮಾತು ಅಲ್ಲಿಗೆ ನಿಂತಿದೆ.

ಇನ್ನೆರಡು ಪ್ರಶ್ನೆ. 630 ಗಂಟೆ ಸಿಕ್ಕರೆ ಅಷ್ಟು ಬೇಗ ಮುಗಿಯುತ್ತಾ? ಮತ್ತೆ, ಮದುವೆಯಾಗಿ ಹೆಚ್-4ರಲ್ಲಿ (ಹೆಚ್-1ಬಿಯವರ ಹೆಂಡತಿಗೆ ಸಿಗುವ ವೀಸಾ) ಬಂದರೆ ಓದಬಹುದಾ, ಇಲ್ಲಾ ಸ್ಟೂಡೆಂಟ್ ವೀಸಾನೇ ಬೇಕಾ?

ಫ್ರೀಮಾಂಟ್ ಅಕ್ಕ

ದುಡ್ಡು ಉಳಿಯುತ್ತೆ, ಕಾಲ ಅಷ್ಟೊಂದು ಉಳಿಯಲ್ಲ. ಇದನ್ನು ಯಾರೂ ಮೊದಲೇ ಹೇಳಲ್ಲ. ಫೀಸು ಸಾಮಾನ್ಯವಾಗಿ ಕ್ರೆಡಿಟ್ ಲೆಕ್ಕದಲ್ಲಿ, ಹಾಗಾಗಿ ಬಿಟ್ಟ ಪೇಪರಿನ ಫೀಸು ಕಟ್ಟೋ ಹಾಗಿಲ್ಲ. ಆದರೆ ಚೀನೀ ಪದ್ಧತಿಯ ಪೇಪರುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಬಿಂದು ಒಂದು ಆಗದೆ ಬಿಂದು ಎರಡು ಇಲ್ಲ, ಸೂಜಿ ಪೇಪರ್ ಆಗದೆ ಕ್ಲಿನಿಕ್ ಇಲ್ಲ, ಕ್ಲಿನಿಕ್‌ನಲ್ಲೂ ಮೊದಲು ಬರೀ ನೋಡೋದು, ಆಮೇಲೆ ಪಕ್ಕದಲ್ಲಿ ನಿಂತು ಮಾಡೋದು, ಕೊನೆಗೆ ನೀನೇ ಮಾಡೋದು. ನೀನು ಅನಾಟಮಿ ಬಿಟ್ಟರೂ ಆ ಸಾಲು ಮುಂದಕ್ಕೆ ಬರಲ್ಲ. ವಾರಕ್ಕೆ ನಾಲ್ಕೈದು ಪೀರಿಯಡ್ ಬಿಡುವು ಸಿಗುತ್ತೆ, ಅದೇ ಲಾಭ. ನನ್ನ ಅಭಿಪ್ರಾಯ ಕೇಳಿದರೆ ಆ ಬಿಡುವು ಬೇಕೇ ಬೇಕು, ಮೂಲಿಕೆಗಳ ಹೆಸರು ಬಾಯಿಪಾಠ ಮಾಡೋಕೆ.

ಹೆಚ್-4ರಲ್ಲಿ ಧಾರಾಳವಾಗಿ ಓದಬಹುದು, ಬೇರೆ ವೀಸಾ ಬೇಡ. ಓದು ಮುಗಿದ ಮೇಲಿನ ಕೆಲಸದ ಕಥೆ ಬೇರೆ. ಹೆಚ್-4ರಲ್ಲಿ ದುಡಿಯೋಕೆ ವರ್ಕ್ ಪರ್ಮಿಟ್ ಬೇಕು, ಸಾಮಾನ್ಯವಾಗಿ ಅದು ಸಿಗೋದು ಗಂಡನ ಗ್ರೀನ್ ಕಾರ್ಡ್ ಅರ್ಜಿ ಐ-140 ಹಂತ ದಾಟಿದ್ದರೆ. ಲೈಸೆನ್ಸ್ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿ, ಒಬ್ಬ ರೋಗಿಯನ್ನೂ ಮುಟ್ಟಲಾಗದೆ ಕೂತ ಗೆಳತಿಯರು ನನಗಿದ್ದಾರೆ. ಮದುವೆಗೆ ಮುಂಚೆಯೇ ಹುಡುಗನ ಹತ್ತಿರ ಈ ಐ-140 ವಿಷಯ ಕೇಳು. ಕೇಳೋಕೆ ನಾಚಿಕೆ ಅಂದರೆ ಅಪ್ಪನ ಕೈಲಿ ಕೇಳಿಸು.

ಕಾಲೇಜು ಆರಿಸುವಾಗ ಎರಡು ನೋಡು. ಒಂದು, ಅಕ್ಯುಪಂಕ್ಚರ್ ಓದಿಗೆ ಮಾನ್ಯತೆ ಕೊಡುವ ಎಸಿಎಹೆಚ್‌ಎಂ ಅನ್ನುವ ಸಂಸ್ಥೆಯ ಮಾನ್ಯತೆ ಇದೆಯಾ, ಮೊದಲು ಇದರ ಹೆಸರು ಎಸಿಎಒಎಂ ಅಂತಿತ್ತು. ಎರಡು, ಕ್ಯಾಲಿಫೋರ್ನಿಯಾ ಅಕ್ಯುಪಂಕ್ಚರ್ ಬೋರ್ಡ್ ಆ ಪಠ್ಯಕ್ರಮವನ್ನು ಒಪ್ಪಿದೆಯಾ. ಈ ರಾಜ್ಯದ್ದು ಸ್ವಂತ ಪರೀಕ್ಷೆ, ಸ್ವಂತ ಹಟ. ಬೇರೆ ರಾಜ್ಯದಲ್ಲಿ ಓದಿ ಆಮೇಲೆ ಇಲ್ಲಿಗೆ ಬಂದು ಗಂಟೆ ಸಾಲದೆ ಮತ್ತೆ ಕ್ಲಾಸಿಗೆ ಕೂತವರು ಇದ್ದಾರೆ. ಕಾಲೇಜಿನ ಹಣಕಾಸು ಹೇಗಿದೆ ಅಂತಲೂ ವಿಚಾರಿಸು. ಪೋರ್ಟ್‌ಲ್ಯಾಂಡ್‌ನ ಒರೆಗಾನ್ ಕಾಲೇಜ್ ಆಫ್ ಓರಿಯೆಂಟಲ್ ಮೆಡಿಸಿನ್ ಅಂದರೆ ಹಳೆಯ, ದೊಡ್ಡ ಹೆಸರು, ಅದೇ 2024ರಲ್ಲಿ ಬಾಗಿಲು ಹಾಕಿತು. ಹಾಗಾದಾಗ ಇನ್ನೊಂದು ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೆ ದಾಟಿಸುವ ಪದ್ಧತಿ ಇದೆ. ಆದರೂ ಊರು ಬಿಟ್ಟು ಊರಿಗೆ ಹೋಗಿ, ಹೊಸ ಕಾಲೇಜು ಯಾವ ಪೇಪರ್ ಒಪ್ಪುತ್ತೋ ಅಂತ ಕಾಯೋದು ಯಾರಿಗೆ ಬೇಕು?

ಡಬ್ಲ್ಯುಇಎಸ್ ಥರದ ಕಡೆ ಡಿಗ್ರಿ ಮೌಲ್ಯಮಾಪನ ಮಾಡಿಸುವಾಗ ಕೋರ್ಸ್-ಬೈ-ಕೋರ್ಸ್ ಅನ್ನೋದನ್ನೇ ಆರಿಸು. ಇನ್ನೊಂದು ಅಗ್ಗ ಇರುತ್ತೆ, ಅದರಲ್ಲಿ ಇದು ಇಂಥ ಡಿಗ್ರಿಗೆ ಸಮ ಅಂತ ಮಾತ್ರ ಬರುತ್ತೆ, ಪೇಪರ್ ಪೇಪರಿನ ಲೆಕ್ಕ ಇರಲ್ಲ, ಕ್ರೆಡಿಟ್ ಕೇಳೋಕೆ ಉಪಯೋಗ ಇಲ್ಲ. ಮಾಡಿಸೋ ಮುಂಚೆ ಯಾವ ಸಂಸ್ಥೆಯದು ನಡೆಯುತ್ತೆ ಅಂತ ಕಾಲೇಜಿಗೆ ಮೇಲ್ ಹಾಕು. ಆ ಮೇಲಿಗೆ ಸಿಲಬಸ್ ಸ್ಕ್ಯಾನ್ ಕೂಡ ಸೇರಿಸಿ, ಈ ಈ ಪೇಪರಿಗೆ ಬದಲು ಈ ಈ ಪೇಪರ್ ಅಂತ ನೀನೇ ಒಂದು ಪಟ್ಟಿ ಮಾಡಿ ಕಳಿಸು. ಅಡ್ಮಿಷನ್ ಆಫೀಸಿನವರಿಗೆ ಬಿಎನ್‌ವೈಎಸ್ ಅಂದರೆ ಏನು ಅಂತಲೇ ಗೊತ್ತಿರಲ್ಲ, ನೀನು ಹೇಳಿದರೆ ಉಂಟು. ಉತ್ತರ ಬರಹದಲ್ಲೇ ಬರಲಿ, ಸೇರುವ ಮುಂಚೆ ಬರಲಿ.

ಹಳೇ ಕಡತ (ಮೈಸೂರು)

ಸಿಲಬಸ್ಸಿಗೆ ಸಹಿ ಹಾಕಿಸೋಕೆ ಹೋಗುವಾಗ ಎರಡು ಸೆಟ್ ಜೆರಾಕ್ಸ್ ಒಯ್ಯಿರಿ, ಒಂದನ್ನು ಕಾಲೇಜಿನಲ್ಲೇ ಇಟ್ಟುಕೊಳ್ಳುತ್ತಾರೆ. ಇಂಟರ್ನ್‌ಶಿಪ್ ಲಾಗ್‌ಬುಕ್ ಇದ್ದರೆ ಅದಕ್ಕೂ ಸೀಲ್ ಹಾಕಿಸಿ. ಶನಿವಾರ ಹೋಗಬೇಡಿ.

ಸೂಜಿಮಲ್ಲಿಗೆ (ಮೈಸೂರು)

ಸೋಮವಾರ ಹೋಗುತ್ತೇನೆ ಸರ್. ಐ-140 ಅಪ್ಪನೇ ಕೇಳುತ್ತಾರಂತೆ.