ಸಹಾಯ ಬೇಕು: ಮಕ್ಕಳು ಮತ್ತು ಸಾಕುಪ್ರಾಣಿಗಳ ಅನಿಮೇಷನ್ ಚಿತ್ರಗಳಲ್ಲಿ ವೈವಿಧ್ಯ

ಎಲ್ಲರಿಗೂ ನಮಸ್ಕಾರ. ಪ್ರಾಥಮಿಕ ಶಾಲೆಯ ಮಕ್ಕಳೊಂದಿಗೆ ನೋಡಿ ಚರ್ಚಿಸಲು ಅನಿಮೇಷನ್ ಚಿತ್ರಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮಗು ಮತ್ತು ಸಾಕುಪ್ರಾಣಿಯ ಸ್ನೇಹವೇ ಕಥೆಯ ಜೀವಾಳವಾಗಿರುವ, ಆದರೆ ಆ ಮಗು ಸದಾ ಒಂದೇ ಬಣ್ಣದ, ಒಂದೇ ಬಗೆಯ ಕುಟುಂಬದ ಹುಡುಗನಾಗಿರದ ಚಿತ್ರಗಳು ನನಗೆ ಬೇಕಾಗಿವೆ.

2002ರ ‘ಲಿಲೋ ಅಂಡ್ ಸ್ಟಿಚ್’ನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಹವಾಯಿಯ ಬಾಲಕಿಯನ್ನು ಅಕ್ಕನೇ ಸಾಕುತ್ತಾಳೆ, ನಾಯಿಯೆಂದು ಮನೆಗೆ ತಂದದ್ದು ಅನ್ಯಗ್ರಹದ ಜೀವಿ ಎಂಬುದು ಬೇರೆ ಮಾತು. 2017ರ ‘ಕೋಕೋ’ದಲ್ಲಿ ಬಾಲಕನ ಜೊತೆಗಿರುವ ಬೀದಿನಾಯಿ ಮೆಕ್ಸಿಕೋದ್ದೇ ಆದ, ಮೈಮೇಲೆ ಕೂದಲಿಲ್ಲದ ತಳಿಯದು. ಇದಕ್ಕೆ ವಿರುದ್ಧವಾಗಿ, 1955ರ ‘ಲೇಡಿ ಅಂಡ್ ದ ಟ್ರ್ಯಾಂಪ್’ನ ಸಯಾಮಿ (ಥಾಯ್ಲೆಂಡ್ ಮೂಲದ ತಳಿ) ಬೆಕ್ಕುಗಳು ಮಾತಿನ ಧಾಟಿಯಲ್ಲಿಯೇ ಏಷ್ಯಾದ ಜನರನ್ನು ಅಣಕಿಸುವಂತಿವೆ, 2019ರ ಮರುನಿರ್ಮಾಣದಲ್ಲಿ ಅವುಗಳ ಹಾಡನ್ನೇ ಕೈಬಿಡಲಾಯಿತು. ಪ್ರಾಣಿಯ ಉಚ್ಚಾರಣೆಯಲ್ಲಿಯೂ ಪೂರ್ವಗ್ರಹ ಅಡಗಿರಬಹುದೆಂದು ಮಕ್ಕಳಿಗೆ ತೋರಿಸಲು 1955ರ ಚಿತ್ರವನ್ನೂ ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇನೆ.

ಕೊರತೆಯಿರುವುದು ಅಂಗವೈಕಲ್ಯವುಳ್ಳ ಮಕ್ಕಳ ಚಿತ್ರಗಳದ್ದು. 2014ರ ಕಿರುಚಿತ್ರ ‘ದ ಪ್ರೆಸೆಂಟ್’ನಲ್ಲಿ ಒಂದು ಕಾಲಿಲ್ಲದ ನಾಯಿಮರಿಯನ್ನು ಮೊದಲು ದೂರ ತಳ್ಳುವ ಹುಡುಗನಿಗೂ ಒಂದು ಕಾಲಿಲ್ಲವೆಂಬುದು ಕೊನೆಗೆ ತಿಳಿಯುತ್ತದೆ, ಚಿತ್ರ ಸೊಗಸಾಗಿದೆ, ಆದರೆ ಅಂಗವೈಕಲ್ಯವನ್ನು ಕಥೆಯ ಅಚ್ಚರಿಯಾಗಿ ಬಳಸಿರುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಾಲಿಕುರ್ಚಿ ಬಳಸುವ, ಕಿವಿ ಕೇಳದ ಅಥವಾ ದೃಷ್ಟಿಯಿಲ್ಲದ ಮಗುವೊಂದು ಆರಂಭದಿಂದಲೇ ಮುಖ್ಯ ಪಾತ್ರವಾಗಿದ್ದು, ಪ್ರಾಣಿಯು ಕೇವಲ ಸಹಾಯಕನಾಗದೆ ತುಂಟ ಸ್ನೇಹಿತನೂ ಆಗಿರುವ ಚಿತ್ರ ನಿಮಗೆ ತಿಳಿದಿದ್ದರೆ, ದಯವಿಟ್ಟು ಅದರ ಹೆಸರು, ವರ್ಷ ಮತ್ತು ಭಾಷೆಯನ್ನು ತಿಳಿಸಿ. ಮಗು ಕೊನೆಯಲ್ಲಿ ‘ಗುಣವಾಗುವ’ ಕಥೆಗಳು ಬೇಡ.