ಸಹಾಯ ಬೇಕು: 1951ರ ಆಸ್ಟ್ರೇಲಿಯಾ ಸೆನೆಟ್ ಅಭ್ಯರ್ಥಿಗಳ ಮತ ವರ್ಗಾವಣೆ ಲೆಕ್ಕ

ನಮಸ್ಕಾರ. ಎಂ.ಎ. ಪ್ರಬಂಧಕ್ಕೆ 1951ರ ಏಪ್ರಿಲ್ 28ರ ಆಸ್ಟ್ರೇಲಿಯಾ ಸೆನೆಟ್ ಚುನಾವಣೆ ತಗೊಂಡಿದೀನಿ, ಒಂದು ಕಡೆ ಪೂರ್ತಿ ಸಿಕ್ಕಾಕೊಂಡಿದೀನಿ. ಎರಡೂ ಸದನ ವಿಸರ್ಜನೆಯಾಗಿದ್ದರಿಂದ ಎಲ್ಲಾ 60 ಸ್ಥಾನಕ್ಕೂ ಸ್ಪರ್ಧೆ, ರಾಜ್ಯಕ್ಕೆ 10. ಗೆಲ್ಲೋಕೆ ಬೇಕಾದ ಕೋಟಾ ಸಿಂಧು ಮತಗಳ ಹನ್ನೊಂದನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಇಷ್ಟು ಸರಿಯಾಗಿದೆ.

ಪಕ್ಷದ ಗುಂಪಿನಲ್ಲಿ ಮೊದಲನೇ ಹೆಸರಿಗೇ ರಾಶಿ ಮತ, ಕೆಳಗಿನವರಿಗೆ ತೀರಾ ಕಮ್ಮಿ, ಆದ್ರೂ ಅವರು ಗೆದ್ದಿದಾರೆ! ಕೋಟಾ ಮೀರಿದ ಹೆಚ್ಚುವರಿ ಮತ, ಮತದಾರರು ಚೀಟಿಯಲ್ಲಿ ಮುಂದಿನ ಪ್ರಾಶಸ್ತ್ಯ ಕೊಟ್ಟ ಅಭ್ಯರ್ಥಿಗೆ ಹೋಗುತ್ತೆ ಅನ್ನೋದು ಗೊತ್ತು. ಮೊದಲು ನಮ್ಮ ರಾಜ್ಯಸಭೆ ಥರ ಪ್ರತಿ ಮತಕ್ಕೆ 100 ಮೌಲ್ಯ ಕೊಟ್ಟು, ವರ್ಗಾವಣೆ ಮಾಡುವಾಗ ಆ ಮೌಲ್ಯ ಇಳಿಸ್ತಾ ಹೋದೆ. ಅದು ತಪ್ಪು. ಆಗ ಅಲ್ಲಿ ಮೌಲ್ಯ ಇಳಿಸ್ತಿರಲಿಲ್ಲ, ಹೆಚ್ಚುವರಿಯಷ್ಟು ಚೀಟಿಗಳನ್ನೇ ಯಾದೃಚ್ಛಿಕವಾಗಿ ಎತ್ತಿ ಪೂರ್ಣ ಮತವಾಗಿ ವರ್ಗಾಯಿಸ್ತಿದ್ರು.

ಗೊಂದಲ ಇಲ್ಲೇ. ವರ್ಗಾವಣೆಯಿಂದ ಎರಡನೆಯವರೂ ಕೋಟಾ ದಾಟಿದ್ರು ಅನ್ಕೊಳ್ಳಿ. ಅವರ ಹೆಚ್ಚುವರಿಯನ್ನ ಮೂರನೆಯವರಿಗೆ ಕೊಡುವಾಗ ಅವರ ಎಲ್ಲಾ ಚೀಟಿಗಳಿಂದ ಎತ್ತಬೇಕಾ, ಇಲ್ಲಾ ಕೊನೆಯ ವರ್ಗಾವಣೆಯಲ್ಲಿ ಅವರಿಗೆ ಬಂದ ಚೀಟಿಗಳ ಕಂತಿನಿಂದ ಮಾತ್ರನಾ? ಎಕ್ಸೆಲ್‌ನಲ್ಲಿ ಎರಡೂ ರೀತಿ ಮಾಡಿದೆ, ಕೊನೆಯ ಸ್ಥಾನದ ಅಂಕಿ ಬೇರೆ ಬೇರೆ ಬರ್ತಿದೆ. 1951ರ ನಿಯಮದ ಪ್ರಕಾರ ಯಾವುದು ಸರಿ, ಬಲ್ಲವರು ದಯವಿಟ್ಟು ಹೇಳ್ತೀರಾ?